ನಿಂಬೆ ಗಿಡದ ಹುಳ ಮತ್ತು ಮೂರನೇ ಹೆಸರು

ಬರೆದು ತುಂಬಾ ದಿನಗಳಾದವು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಆದರೆ ಅವ್ವ ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದವನು ಕೊನೆಗೆ ಬಂದು ನಿಂತಿದ್ದು ಒಂದು ಚಿಟ್ಟೆಯ ಮುಂದೆ. ಅದಕ್ಕೇ ಇವತ್ತು ಚಿಟ್ಟೆ ಪುರಾಣ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಆಗಿದ್ದಿಷ್ಟು. ಶನಿವಾರ ಬೆಳಿಗ್ಗೆ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆಸ್ಟ್ರೇಲಿಯಾದ ಪೌರತ್ವದ ಅರ್ಜಿ ತುಂಬುತ್ತಾ ಕೂತಿದ್ದೆ. ಅವ್ವನ ಫೋನು ಬಂತು. "ಏನ್ ಮಾಡಾಕತ್ತೀಯೋ?" ಅಂದಳು. ಹೇಳಿದೆ. ನಮ್ಮ ದೇಶದ ಕಾನೂನಿನಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ, ಇದು ಬಂದ ದಿನ ಅದು ಹೋಗುತ್ತೆ, ಹಳೇ ಪಾಸ್‌ಪೋರ್ಟು ವಾಪಸ್ ಕೊಡಬೇಕು ಅಂತಲೂ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಂಗಂದ್ರ ಇನ್ನ ನೀ ನಮ್ಮಾಂವ ಅಲ್ಲೇನು?" ಅಂದಳು.

ನಗುತ್ತಲೇ ಕೇಳಿದ್ದು. ನಾನೂ ನಕ್ಕೆ. ಆದರೆ ಅರ್ಜಿ ಅರ್ಧಕ್ಕೇ ನಿಂತುಹೋಯಿತು.

ನಮ್ಮ ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ. ಇಂಡಿ ಅಂದರೆ ನಿಂಬೆ. ನಮ್ಮ ಕಡೆ ಬಾಯಲ್ಲಿ 'ಲಿಂಬಿ'. ಈಗ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅಂದರೆ ಆ ಹಣ್ಣಿಗೆ ಆ ಊರಿನ ಹೆಸರು ಸುಮ್ಮನೆ ಅಂಟಿದ್ದಲ್ಲ, ಆ ಮಣ್ಣು ಆ ಹವೆಯಿಂದ ಬಂದದ್ದು ಅಂತ ಸರ್ಕಾರವೇ ಒಪ್ಪಿಕೊಂಡ ಹಾಗೆ. ಅಪ್ಪನ ಹೊಲದಲ್ಲಿ ಒಂದು ಕಡೆ ಜೋಳ, ಕಡಲೆ, ಇನ್ನೊಂದು ಕಡೆ ನಿಂಬೆ ಗಿಡಗಳು. ಮನೆ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇನ್ನೊಂದು ನಿಂಬೆ ಗಿಡ. ಅದು ಅವ್ವನದು. ಬಚ್ಚಲ ನೀರು ಅದಕ್ಕೇ ಹೋಗೋದು.

ನಿಂಬೆ ಗಿಡ ಇದ್ದವರಿಗೆಲ್ಲ ಈ ಹುಳ ಗೊತ್ತಿರುತ್ತೆ. ಎಳೆ ಎಲೆಯ ಮೇಲೆ ಸಾಸಿವೆಯಷ್ಟು ಹಳದಿ ಮೊಟ್ಟೆ. ಅದರಿಂದ ಬಂದ ಮರಿ ನೋಡೋಕೆ ಥೇಟ್ ಹಕ್ಕಿ ಹಿಕ್ಕೆ, ಕಂದು ಬಿಳಿ. ಬೆಳೆಯುತ್ತಾ ಹೋದ ಹಾಗೆ ಕೊನೆಗೆ ಎಲೆಯದ್ದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೊಂಬಿನಂಥದ್ದು ಹೊರಗೆ ಚಾಚಿ ಕೆಟ್ಟ ವಾಸನೆ ಬಿಡುತ್ತೆ. ಚಿಕ್ಕವರಿದ್ದಾಗ ನಮಗೆ ಅದೇ ಆಟ. ಕಡ್ಡಿಯಿಂದ ಚುಚ್ಚೋದು, ವಾಸನೆ ನೋಡೋದು, "ಥೂ" ಅನ್ನೋದು, ಮತ್ತೆ ಚುಚ್ಚೋದು. ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೇಸಿಗೆಯಲ್ಲಿ ಹೆಚ್ಚು ಕಡಿಮೆ ಒಂದು ತಿಂಗಳು. ಹೊರಗೆ ಬಂದದ್ದು ಕಪ್ಪು ಮೈಮೇಲೆ ಕೆನೆ ಹಳದಿ ಚುಕ್ಕೆ ಚೆಲ್ಲಿದ ದೊಡ್ಡ ಪಾತರಗಿತ್ತಿ, ಹಿಂದಿನ ರೆಕ್ಕೆಯ ಮೂಲೆಯಲ್ಲಿ ಇಟ್ಟಿಗೆ ಕೆಂಪಿನ ಒಂದು ಬೊಟ್ಟು. ಸ್ವಾಲೋಟೇಲ್ ಅಂದರೆ ಬಾಲದ ಚಿಟ್ಟೆಗಳ ಕುಟುಂಬದ್ದು, ಆದರೆ ಇದಕ್ಕೆ ಬಾಲ ಇಲ್ಲ. ನಿಂಬೆ ಚಿಟ್ಟೆ ಅಂತಾರೆ. ಪುಸ್ತಕದ ಹೆಸರು ಪ್ಯಾಪಿಲಿಯೋ ಡೆಮೋಲಿಯಸ್, 1758ರಲ್ಲಿ ಲಿನೇಯಸ್ ಇಟ್ಟಿದ್ದು.

ಅಪ್ಪನಿಗೆ ಈ ಹುಳ ಅಂದರೆ ಸಿಟ್ಟು. ಎಳೆ ಸಸಿಗಳಿಗೆ ಬಿದ್ದರೆ ಎಲೆ ಒಂದೂ ಉಳಿಸಲ್ಲ. ಹೊಲದಲ್ಲಿ ಔಷಧಿ ಹೊಡೆಸುತ್ತಿದ್ದ. ಆದರೆ ಹಿತ್ತಲಿನ ಗಿಡಕ್ಕೆ ಅವ್ವ ಕೈ ಹಚ್ಚೋಕೆ ಬಿಡುತ್ತಿರಲಿಲ್ಲ. ಬಚ್ಚಲ ಕಡೆಯ ಒಂದು ಟೊಂಗೆ ಹುಳಗಳ ಪಾಲು. ಬೇರೆ ಟೊಂಗೆಯಲ್ಲಿ ಕಂಡ ಹುಳವನ್ನು ಎಲೆ ಸಮೇತ ಕಿತ್ತು ಅಲ್ಲಿಗೆ ತಂದು ಬಿಡುತ್ತಿದ್ದಳು. ಕೇಳಿದರೆ "ಹುಳಾ ಬಂದ್ರ ಗಿಡಕ್ಕ ಊರು ಹಿಡಿಸ್ತು ಅಂತ ತಿಳಿ" ಅನ್ನುತ್ತಿದ್ದಳು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ನಾನು ಆಸ್ಟ್ರೇಲಿಯಾಕ್ಕೆ ಬಂದಿದ್ದು 2009ರಲ್ಲಿ. ಮೊದಲು ಬ್ರಿಸ್ಬೇನ್, ಆಮೇಲೆ ಟೂವೂಂಬಾ. ಕ್ವೀನ್ಸ್‌ಲ್ಯಾಂಡಿನಲ್ಲಿ ಸಮುದ್ರದ ಕಡೆಯಿಂದ ಬೆಟ್ಟ ಹತ್ತಿದರೆ ತುದಿಯಲ್ಲಿ ಸಿಗುವ ಊರು. ಊರೊಳಗೆ ಕೆಂಪು ಮಣ್ಣು. ಊರು ದಾಟಿ ಪಶ್ಚಿಮಕ್ಕೆ ಹೋದರೆ ಡಾರ್ಲಿಂಗ್ ಡೌನ್ಸ್ ಅನ್ನುವ ಬಯಲು. ಮೊದಲನೇ ಸಲ ಆ ಕಡೆ ಕಾರು ಓಡಿಸಿದಾಗ ನಾನು ಪಕ್ಕಕ್ಕೆ ನಿಲ್ಲಿಸಿ ಕೆಳಗಿಳಿದಿದ್ದೆ. ಎರೆ ಮಣ್ಣು! ಕಪ್ಪು, ಬಿರುಕು ಬಿಟ್ಟ, ಮಳೆ ಬಂದರೆ ಕಾಲಿಗೆ ಅಂಟುವ ನಮ್ಮದೇ ಎರೆ. ಅದರ ಮೇಲೆ ಬೆಳೆದಿದ್ದು ಏನು ಗೊತ್ತಾ? ಜೋಳ, ಹತ್ತಿ, ಕಡಲೆ. ಜೋಳವನ್ನು ಇಲ್ಲಿಯವರು ದನಕ್ಕೆ ಹಾಕುತ್ತಾರೆ, ಅದೊಂದು ವ್ಯತ್ಯಾಸ. ಅವ್ವನಿಗೆ ಹೇಳಿದಾಗ ಅವಳು ನಂಬಲಿಲ್ಲ. "ರೊಟ್ಟಿ ಮಾಡೂದಿಲ್ಲೇನು? ಪಾಪ" ಅಂದಳು. ಆ ಪಾಪ ದನಕ್ಕೋ ಜನಕ್ಕೋ ತಿಳಿಯಲಿಲ್ಲ.

2018ರಲ್ಲಿ ಅವ್ವ ಇಲ್ಲಿಗೆ ಬಂದು ಐದು ತಿಂಗಳು ಇದ್ದಳು. ಬರುವಾಗ ನಿಂಬೆ ಬೀಜ ತರುತ್ತೇನೆ ಅಂತ ಹಠ. ವಿಮಾನ ನಿಲ್ದಾಣದಲ್ಲಿ ಬೀಜ, ಮಣ್ಣು, ಗಿಡ ಯಾವುದನ್ನೂ ಒಳಗೆ ಬಿಡಲ್ಲ ಅಂತ ತಿಳಿಸಿ ಹೇಳೋಷ್ಟರಲ್ಲಿ ಸಾಕಾಯಿತು. ಬಂದ ಮೇಲೆ ಇಲ್ಲಿನ ನರ್ಸರಿಯಿಂದಲೇ ಒಂದು ನಿಂಬೆ ಸಸಿ, ಒಂದು ಕರಿಬೇವಿನ ಸಸಿ ತಂದು ಹಿತ್ತಲಲ್ಲಿ ನೆಟ್ಟಳು. ವಾಪಸ್ ಹೋಗುವ ದಿನ ಗಿಡದ ಮುಂದೆ ನಿಂತು "ಹುಳಾ ಬಂದಾಗ ನನಗ ಹೇಳು" ಅಂದಳು. ಬೇರೆ ಯಾವ ಬುದ್ಧಿಮಾತೂ ಇಲ್ಲ.

ನಾನು ಕಾದೆ. ಒಂದು ವರ್ಷ ಏನೂ ಇಲ್ಲ. ಎರಡನೇ ಬೇಸಿಗೆ... ಇಲ್ಲಿ ಬೇಸಿಗೆ ಅಂದರೆ ಡಿಸೆಂಬರಿನಿಂದ ಫೆಬ್ರವರಿ... ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಾ ಇದ್ದೆ, ಪಕ್ಕದ ಮನೆಯ ಬೇಲಿ ದಾಟಿ ಅದು ಬಂತು. ಅದೇ ಕಪ್ಪು, ಅದೇ ಕೆನೆ ಹಳದಿ ಚುಕ್ಕೆ, ಅದೇ ಕೆಂಪು ಬೊಟ್ಟು, ಬಾಲ ಇಲ್ಲ. ನಿಂಬೆ ಚಿಟ್ಟೆ! ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ನಾನು ಅದನ್ನು ಈ ದೇಶದಲ್ಲಿ ನೋಡಿದ್ದು. ಬೇಲಿಯ ಹೂವಿನಲ್ಲಿ ಸ್ವಲ್ಪ ಹೊತ್ತು ಕೂತಿತು, ಅವ್ವನ ನಿಂಬೆ ಗಿಡದ ಮೇಲೆಯೇ ಹಾದುಹೋಯಿತು. ಇಳಿಯಲಿಲ್ಲ. ನಾನು ಕೂಗಿ ಮಗಳನ್ನು ಕರೆಯುವಷ್ಟರಲ್ಲಿ ಮಾಯ.

ಆ ಬೇಸಿಗೆಯಲ್ಲಿ ಇನ್ನೂ ಮೂರು ನಾಲ್ಕು ಸಲ ನೋಡಿದೆ. ಒಮ್ಮೆಯೂ ಗಿಡ ಮುಟ್ಟಲಿಲ್ಲ. ಎಳೆ ಚಿಗುರು ಬೇಕಾದಷ್ಟಿತ್ತು. ನಾನೂ ದಿನಾ ಎಲೆ ಮಗುಚಿ ನೋಡುತ್ತಿದ್ದೆ. ಹೆಂಡತಿಗೆ ನಗು. ಅವಳು ಕುಂದಾಪುರದವಳು. "ಎಂತ ಮರಾಯ್ರೆ, ಮಕ್ಕಳಿಲ್ಲದವರು ಹರಕೆ ಹೊತ್ತ ಹಾಗೆ ಮಾಡ್ತ್ರಿ" ಅಂತ.

ಕೊನೆಗೆ ಮಾರ್ಚಿನಲ್ಲಿ ಹುಳ ಸಿಕ್ಕೇಬಿಟ್ಟಿತು. ಹಕ್ಕಿ ಹಿಕ್ಕೆಯ ಹಾಗೇ ಇತ್ತು, ದಿನ ಕಳೆದ ಹಾಗೆ ಹಸಿರಾಯಿತು, ಚುಚ್ಚಿದರೆ ಕೆಂಪು ಕೊಂಬು, ಅದೇ ನಾತ. ಸಂಭ್ರಮದಿಂದ ಫೋಟೋ ತೆಗೆದು ಅವ್ವನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು. "ಇದು ನಮ್ಮ ಹುಳಾ ಅಲ್ಲೋ. ಇದು ಭಾಳ ದೊಡ್ಡದೈತಿ. ಬೆಳದ ಮ್ಯಾಲೂ ಮೈಮ್ಯಾಲ ಮುಳ್ಳ ಅದಾವ, ನೋಡು" ಅಂದಳು.

ನನಗೆ ಸಿಟ್ಟೇ ಬಂತು. ಆದರೆ ಮೂರು ವಾರ ಆದ ಮೇಲೆ ಗೂಡಿನಿಂದ ಬಂದಿದ್ದು ನೋಡಿದರೆ ಅವ್ವ ಹೇಳಿದ್ದೇ ಸರಿ. ಅದು ಆರ್ಚರ್ಡ್ ಸ್ವಾಲೋಟೇಲ್, ಪ್ಯಾಪಿಲಿಯೋ ಈಜಿಯಸ್ ಅನ್ನೋ ಬೇರೆಯದೇ ಚಿಟ್ಟೆ. ಪೂರ್ವ ಆಸ್ಟ್ರೇಲಿಯಾದಲ್ಲಿ ಮನೆಗಳ ನಿಂಬೆ, ಕಿತ್ತಳೆ ಗಿಡಕ್ಕೆ ಬರುವ ಹುಳ ಸಾಮಾನ್ಯವಾಗಿ ಇದರದ್ದು. ಹಾಗಿದ್ದರೆ ನಾನು ನೋಡಿದ ನಮ್ಮ ನಿಂಬೆ ಚಿಟ್ಟೆಯ ಕಥೆ ಏನು? ಅದು ಎಲ್ಲಿ ಮೊಟ್ಟೆ ಇಡುತ್ತೆ?

ಇಲ್ಲಿಂದ ಶುರುವಾಯಿತು ನೋಡಿ ನನ್ನ ಓದು.

ಒಂದು ಪ್ರಭೇದದ ಜೀವಿಗಳು ಬೇರೆ ಬೇರೆ ಪ್ರದೇಶದಲ್ಲಿ ಬಹಳ ಕಾಲ ದೂರ ಉಳಿದು, ಬಣ್ಣದಲ್ಲೋ ಗುರುತಿನಲ್ಲೋ ಸ್ವಭಾವದಲ್ಲೋ ಗುರುತಿಸುವಷ್ಟು ಬೇರೆ ಆದರೆ ಅವನ್ನು ಉಪಪ್ರಭೇದ ಅಂತಾರೆ. ಕೆಲವರು ಉಪಜಾತಿ ಅಂತಲೂ ಬರೆಯುತ್ತಾರೆ, ಆದರೆ ನಮ್ಮಲ್ಲಿ ಆ ಪದ ಹೇಳಿದರೆ ಮಾತು ಬೇರೆ ಕಡೆಗೇ ಹೋಗುತ್ತೆ, ಬೇಡ. ಸಾಮಾನ್ಯವಾಗಿ ಜೀವಿಗಳಿಗೆ ಎರಡು ಹೆಸರು. ಉಪಪ್ರಭೇದಕ್ಕೆ ಮೂರನೆಯದೊಂದು. ಬೇರೆ ಪ್ರಭೇದ ಅಲ್ಲ, ಎದುರಾದರೆ ಒಂದಕ್ಕೊಂದು ಕೂಡಿ ಸಂತಾನ ಆಗಬಹುದು. ನನ್ನ ಕನ್ನಡ, ನನ್ನ ಹೆಂಡತಿಯ ಕನ್ನಡ ಇದ್ದ ಹಾಗೆ ಅಂದುಕೊಳ್ಳಿ. ಅವಳ ತವರಿನಲ್ಲಿ ನನಗೆ ಅರ್ಧ ಅರ್ಥ ಆಗಲ್ಲ, ಆದರೂ ಮನೆ ನಡೆದಿದೆಯಲ್ಲ!

ನಮ್ಮ ನಿಂಬೆ ಚಿಟ್ಟೆಗೂ ಹೀಗೆ ಮೂರನೇ ಹೆಸರುಗಳಿವೆ. ಅರೇಬಿಯಾ ಕಡೆಯಿಂದ ಹಿಡಿದು ಪಾಕಿಸ್ತಾನ, ಭಾರತ, ಶ್ರೀಲಂಕಾ, ನೇಪಾಳ ಹೀಗೆ ಪೂರ್ವಕ್ಕೆ ಹಬ್ಬಿದ್ದು ಡೆಮೋಲಿಯಸ್ ಡೆಮೋಲಿಯಸ್. ಹೆಸರು ಎರಡು ಸಲ ಬಂದರೆ ಮೊದಲು ಹೆಸರಿಟ್ಟ ಗುಂಪು ಅಂತ ಅರ್ಥ. ಇಂಡಿಯ ಹಿತ್ತಲಿನದು ಇದೇ. ಮಲಯಾ ಪರ್ಯಾಯ ದ್ವೀಪ, ಸುಮಾತ್ರಾ ಕಡೆಯದು ಮಲಯಾನಸ್, ಇದಕ್ಕೆ ಹೆಸರಿಟ್ಟವನು ಆಲ್ಫ್ರೆಡ್ ರಸೆಲ್ ವಾಲೇಸ್, 1865ರಲ್ಲಿ. ಡಾರ್ವಿನ್ ಜೊತೆಜೊತೆಗೇ ವಿಕಾಸದ ತತ್ವ ಕಂಡುಕೊಂಡ ಅದೇ ವಾಲೇಸ್. ತೈವಾನ್, ಫಿಲಿಪೈನ್ಸ್ ಕಡೆಯದು ಲಿಬಾನಿಯಸ್. ಇಂಡೋನೇಷ್ಯಾದ ಸುಂಬಾ, ಫ್ಲೋರೆಸ್ ದ್ವೀಪಗಳದ್ದು ಸ್ಥೆನೆಲಿನಸ್. ನ್ಯೂಗಿನಿಯದು ನೋವೋಗಿನಿಯೆನ್ಸಿಸ್. ಆಸ್ಟ್ರೇಲಿಯಾದ್ದು ಸ್ಥೆನೆಲಸ್, 1826ರಲ್ಲಿ ಮ್ಯಾಕ್ಲೇ ಇಟ್ಟ ಹೆಸರು. ಇಲ್ಲಿಯ ಜನ ಕರೆಯೋದು ಚೆಕರ್ಡ್ ಸ್ವಾಲೋಟೇಲ್ ಅಂತ. ನಿಂಬೆಯ ಸುದ್ದಿಯೇ ಇಲ್ಲ ಹೆಸರಿನಲ್ಲಿ.

ಯಾಕೆ ಇಲ್ಲ ಅಂದರೆ ಇದು ನಿಂಬೆ ತಿನ್ನಲ್ಲ! ನಮ್ಮಲ್ಲಿ ನಿಂಬೆ, ಕಿತ್ತಳೆ, ಬಿಲ್ವಪತ್ರೆ, ಕರಿಬೇವು ಇವೆಲ್ಲ ಒಂದೇ ಕುಟುಂಬದ ಗಿಡಗಳು, ಅವೇ ಈ ಹುಳದ ಊಟ. ಆಸ್ಟ್ರೇಲಿಯಾದ ಸ್ಥೆನೆಲಸ್ ಹುಳ ತಿನ್ನೋದು ಕಲ್ಲೆನ್ ಅನ್ನೋ ಗಿಡ. ಅದು ಅವರೆ, ಕಡಲೆ ಕುಟುಂಬದ್ದು. ಎಲ್ಲಿಯ ನಿಂಬೆ, ಎಲ್ಲಿಯ ಕಡಲೆ? ಒಡಹುಟ್ಟಿದವರಲ್ಲಿ ಒಬ್ಬ ಜೋಳದ ರೊಟ್ಟಿ ತಿಂದರೆ ಇನ್ನೊಬ್ಬ ಸಮುದ್ರದ ಪಾಚಿ ತಿನ್ನುತ್ತಾನೆ ಅಂದ ಹಾಗಾಯಿತು.

ನಿಂಬೆ ಸಿಗಲಿಲ್ಲ ಅಂತ ಕಲ್ಲೆನ್ ಹಿಡಿಯಿತೇ ಅಂದರೆ ಅದೂ ಪೂರ್ತಿ ಸರಿಯಲ್ಲ. ನಾವು ತಿನ್ನುವ ನಿಂಬೆ, ಕಿತ್ತಳೆ ಇಲ್ಲಿಗೆ ಬಂದಿದ್ದು 1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳ ಜೊತೆ, ನಿಜ. ಆದರೆ ಈ ಖಂಡಕ್ಕೆ ತನ್ನದೇ ಕಾಡು ನಿಂಬೆಗಳಿವೆ. ಬೆರಳಿನ ಹಾಗೆ ಉದ್ದ ಹಣ್ಣು ಬಿಡುವ ಫಿಂಗರ್ ಲೈಮ್, ಒಣ ನಾಡಿನಲ್ಲಿ ಬೆಳೆಯುವ ಡೆಸರ್ಟ್ ಲೈಮ್. ಅವು ಇದ್ದೂ ಈ ಚಿಟ್ಟೆ ನಂಬಿಕೊಂಡಿರೋದು ಕಲ್ಲೆನ್ನನ್ನು.

ಇನ್ನೊಂದು ವಿಷಯ ಓದಿದಾಗ ನಾನು ಕುರ್ಚಿಯಿಂದ ಎದ್ದು ಕೂತೆ. ಕಲ್ಲೆನ್ ಜಾತಿಯ ಗಿಡ ನಮ್ಮಲ್ಲೂ ಇದೆ. ಬಾವಂಚಿ! ತೊನ್ನಿಗೆ ಔಷಧಿ ಅಂತ ನಾಟಿ ವೈದ್ಯರು ಕೊಡುವ ಕಪ್ಪು ಬೀಜ, ಬಾಕುಚಿ ಅಂತಲೂ ಅಂತಾರಲ್ಲ, ಅದೇ. ಅದರ ಹಳೇ ಶಾಸ್ತ್ರೀಯ ಹೆಸರು ಸೊರಾಲಿಯಾ. ಆ ಹೆಸರಿನಿಂದಲೇ ಸೊರಾಲೆನ್ ಅನ್ನೋ ರಾಸಾಯನಿಕಕ್ಕೆ ಹೆಸರು ಬಂದಿದ್ದು. ಈ ವಸ್ತು ಚರ್ಮಕ್ಕೆ ಸೇರಿ ಬಿಸಿಲು ಬಿದ್ದರೆ ಚರ್ಮ ಕಪ್ಪಾಗುತ್ತೆ. ಆಸ್ಪತ್ರೆಗಳಲ್ಲಿ ತೊನ್ನಿಗೆ ಸೊರಾಲೆನ್ ಕೊಟ್ಟು ನೇರಳಾತೀತ ಬೆಳಕು ಹಾಯಿಸುವ ಚಿಕಿತ್ಸೆ ಇದೇ ಗುಣದ ಮೇಲೆ ನಿಂತಿದೆ. ಇದೇ ಬಳಗದ ರಾಸಾಯನಿಕಗಳು ಇನ್ನೆಲ್ಲಿವೆ? ನಿಂಬೆಯಲ್ಲಿ! ಬಿಸಿಲಲ್ಲಿ ನಿಂಬೆ ಹಿಂಡಿದರೆ ಕೈಮೇಲೆ ಸುಟ್ಟ ಹಾಗೆ ಕಪ್ಪು ಕಲೆ ಏಳುತ್ತಲ್ಲ, ನಮ್ಮ ಊರಿನಲ್ಲಿ ಹಣ್ಣು ಬಿಡಿಸುವವರ ಕೈ ನೋಡಿದವರಿಗೆ ಗೊತ್ತು, ಅದಕ್ಕೆ ಕಾರಣ ಇವೇ.

ಸ್ವಾಲೋಟೇಲ್ ಜಾತಿಯ ಹೆಣ್ಣು ಚಿಟ್ಟೆ ಮೊಟ್ಟೆ ಇಡುವ ಮೊದಲು ಎಲೆಯ ಮೇಲೆ ಮುಂಗಾಲಿನಿಂದ ಪಟಪಟ ಬಡಿಯುತ್ತೆ. ಅದು ರುಚಿ ನೋಡುವ ರೀತಿ. ಅದರ ನಾಲಿಗೆ ಕಾಲಿನಲ್ಲೂ ಇದೆ. ನಮ್ಮ ಕಣ್ಣಿಗೆ ನಿಂಬೆ ಗಿಡಕ್ಕೂ ಬಾವಂಚಿಗೂ ಸಂಬಂಧವೇ ಇಲ್ಲ. ಚಿಟ್ಟೆಯ ಕಾಲಿಗೆ ಎರಡರಲ್ಲೂ ಯಾವುದೋ ಪರಿಚಯದ ವಾಸನೆ ಇದೆ. ಹಿಂದೆಂದೋ ಆಗ್ನೇಯ ದಿಕ್ಕಿನ ದ್ವೀಪಗಳಲ್ಲಿ ಯಾವುದೋ ಚಿಟ್ಟೆ ಆ ಪರಿಚಯ ನಂಬಿ ಬೇರೆ ಗಿಡದ ಮೇಲೆ ಮೊಟ್ಟೆ ಇಟ್ಟಿರಬೇಕು, ಮರಿಗಳು ಬದುಕಿರಬೇಕು. ಇದು ನನ್ನ ಊಹೆ. ಈ ಬಳಗದ ಚಿಟ್ಟೆಗಳು ಗಿಡ ಬದಲಿಸಿರೋದಕ್ಕೆ ವಿಜ್ಞಾನಿಗಳು ಮುಖ್ಯವಾಗಿ ಬೊಟ್ಟು ಮಾಡುವುದು ಈ ರಾಸಾಯನಿಕಗಳ ಕಡೆಗೇ.

ಸರಿ, ಓದಿದ್ದಾಯಿತು. ಈಗ ಕಣ್ಣಾರೆ ನೋಡಬೇಕಲ್ಲ. ಟೂವೂಂಬಾದಿಂದ ಓಕಿ, ಡಾಲ್ಬಿ ಕಡೆ ಹೋಗುವ ವಾರೆಗೊ ಹೈವೇ ಪಕ್ಕ ಎರೆ ಬಯಲು. ಅಲ್ಲಿ ಕಲ್ಲೆನ್ ಟೆನಾಕ್ಸ್ ಅನ್ನೋ ಜಾತಿ ಬೆಳೆಯುತ್ತೆ. ಎಲೆ ಎಮು ಹಕ್ಕಿಯ ಕಾಲಿನ ಹಾಗೆ ಬೆರಳು ಬೆರಳಾಗಿರೋದರಿಂದ ಇಲ್ಲಿ ಎಮು ಫುಟ್ ಅಂತಾರೆ. ಎರಡು ಸಲ ಹೋಗಿ ಬರಿಗೈಲಿ ಬಂದೆ. ಒಮ್ಮೆ ಗಿಡವೇ ಸಿಗಲಿಲ್ಲ, ಒಮ್ಮೆ ಗಿಡ ಸಿಕ್ಕಿತು ಹುಳ ಇಲ್ಲ. 2024ರ ಫೆಬ್ರವರಿಯಲ್ಲಿ ಮಳೆ ಆದ ಮೇಲೆ ಮೂರನೇ ಸಲ ಹೋದಾಗ ಮಗಳೂ ಜೊತೆಗಿದ್ದಳು. ಅವಳಿಗೆ ಆಗ ಹತ್ತು ವರ್ಷ. ಜೋಳದ ಹೊಲದ ಬೇಲಿಗೂ ರಸ್ತೆಗೂ ನಡುವೆ ಹುಲ್ಲಿನಲ್ಲಿ ಮೊಣಕಾಲೂರಿ ಕೂತು ಅವಳೇ ಹುಡುಕಿದ್ದು. "ಅಪ್ಪಾ, ಯುವರ್ ಹುಳಾ!" ಅಂತ ಕೂಗಿದಳು. ಹುಳಾ ಅನ್ನುವಾಗ ಮಾತ್ರ ಥೇಟ್ ಅವರ ಅಜ್ಜಿ.

ನೇರಳೆ ಬಣ್ಣದ ಸಣ್ಣ ಹೂವಿನ ಗಿಡ, ಅದರ ಮೇಲೆ ದಪ್ಪನೆಯ ಹಸಿರು ಹುಳ. ಇಂಡಿಯ ಹಿತ್ತಲಿನದ್ದೇ ಅನ್ನಬೇಕು. ನಾನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಕೊಂಬು ಹೊರಗೆ ಬಂತು. "ಥೂ" ಅಂದೆ. ಮಗಳು "ಯಕ್" ಅಂದಳು. ಮನೆಯಿಂದ ಅವ್ವನ ಗಿಡದ ಒಂದು ಚಿಗುರು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ, ಅದನ್ನು ಹುಳದ ಮುಂದೆ ಹಿಡಿದೆ. ತಲೆ ಆ ಕಡೆ ಈ ಕಡೆ ಆಡಿಸಿ ತನ್ನ ಎಲೆಗೇ ವಾಪಸ್ ಹೋಯಿತು. ಇದರಿಂದ ಏನೂ ಸಾಬೀತಾಗಲ್ಲ, ಒಂದು ಗಿಡಕ್ಕೆ ಒಗ್ಗಿದ ಹುಳ ನಡುವೆ ಊಟ ಬದಲಿಸೋದು ಕಡಿಮೆ. ಆದರೂ ಚಿಗುರು ಹಿಡಿದ ನನ್ನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಅತಿಥಿ ತಟ್ಟೆ ಪಕ್ಕಕ್ಕೆ ಸರಿಸಿದಾಗ ಆಗುತ್ತಲ್ಲ, ಹಾಗೆ.

ಈಗ ಅವ್ವನ ಪ್ರಶ್ನೆಗೆ ಬರೋಣ. ಅರ್ಜಿ ಮುಂದೆ ಕೂತಾಗ ನನಗೆ ಮೊದಲು ಹೊಳೆದ ಉತ್ತರ ಬಹಳ ಚೆನ್ನಾಗಿತ್ತು. "ಅವ್ವಾ, ನಾನೂ ಸ್ಥೆನೆಲಸ್ ಇದ್ದ ಹಾಗೆ. ಮೊದಲಿನ ಎರಡು ಹೆಸರು ಹಾಗೇ ಇರ್ತಾವೆ, ಮೂರನೆಯದೊಂದು ಊರಿಗೆ ತಕ್ಕ ಹಾಗೆ ಸೇರುತ್ತೆ." ಹೇಳೋಕೂ ಸುಲಭ, ಕೇಳೋಕೂ ಹಿತ. ಫೋನಿಗೆ ಕೈಯೂ ಹಾಕಿದ್ದೆ.

ಆದರೆ ಅದು ಸುಳ್ಳು. ಉಪಪ್ರಭೇದ ಅನ್ನೋದು ಯಾರೋ ಒಬ್ಬ ಅರ್ಜಿ ತುಂಬಿ ಪಡೆಯೋದಲ್ಲ. ಒಂದೆರಡು ತಲೆಮಾರಿನ ಕೆಲಸವೂ ಅಲ್ಲ. ಆ ಹುಳ ಎಮು ಫುಟ್ ತಿನ್ನುವುದನ್ನು ಕಲ್ಲೆನ್ ನಾಡಿನಲ್ಲೇ ಹುಟ್ಟಿ ಸತ್ತ ಲೆಕ್ಕವಿಲ್ಲದಷ್ಟು ಚಿಟ್ಟೆಗಳಿಂದ ಪಡೆದುಕೊಂಡು ಬಂದಿದೆ. ನಾನು ಬಂದು ಎಷ್ಟು ವರ್ಷ ಆಯಿತು ಮಹಾ?

ನನಗೆ ಸರಿಯಾಗಿ ಹೊಂದುವ ಚಿಟ್ಟೆ ಬೇರೆ ಇದೆ. ಹೇಳುತ್ತೇನೆ ಕೇಳಿ. 2004ರಲ್ಲಿ ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ಕಿನಲ್ಲಿ, ಅಂದರೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ, ನಿಂಬೆ ಚಿಟ್ಟೆ ಕಾಣಿಸಿಕೊಂಡಿತು. ಆ ಖಂಡಗಳಲ್ಲಿ ಮೊದಲು ಇದು ಇರಲೇ ಇಲ್ಲ. ರೆಕ್ಕೆ ಬಡಿದು ಹೋಗುವ ದೂರ ಅಲ್ಲ ಅದು, ಮನುಷ್ಯರ ಸರಕಿನ ಜೊತೆ ಹೋಗಿರಬೇಕು. ಎಲ್ಲಿಂದ ಹೋಯಿತು? ಭಾರತವೇ, ಫಿಲಿಪೈನ್ಸೇ, ಆಸ್ಟ್ರೇಲಿಯಾವೇ? 2006ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನ ಬೊಟ್ಟು ಮಾಡಿದ್ದು ಆಗ್ನೇಯ ಏಷ್ಯಾದ ಕಡೆಗೆ. ಅಂದರೆ ವಾಲೇಸನ ಮಲಯಾನಸ್. ಮೂರನೇ ಹೆಸರಿನ ಉಪಯೋಗ ನೋಡಿ, ಎಲ್ಲೇ ಸಿಕ್ಕರೂ ಯಾವ ಕಡೆಯದು ಅಂತ ಹೇಳುವ ಅಂಚೆ ಮುದ್ರೆ ಅದು. ಅಲ್ಲಿಂದ ಅದು ಪೋರ್ಟೊರಿಕೊ, ಜಮೈಕಾ, ಕ್ಯೂಬಾ ಎಲ್ಲ ತಲುಪಿತು. ಅಲ್ಲಿಗೆ ಹೋಗಿ ಏನು ತಿಂತು? ನಿಂಬೆ! ಕೊಲಂಬಸ್ ತನ್ನ ಎರಡನೇ ಯಾತ್ರೆಯಲ್ಲಿ, 1493ರಲ್ಲಿ, ನಿಂಬೆ ಕಿತ್ತಳೆ ಬೀಜಗಳನ್ನು ಆ ದ್ವೀಪಕ್ಕೆ ಒಯ್ದಿದ್ದ. ಐನೂರು ವರ್ಷ ಮೊದಲೇ ಹೋಗಿ ಊಟ ಕಾದಿತ್ತು, ಚಿಟ್ಟೆ ತಡವಾಗಿ ತಲುಪಿತು, ಅಷ್ಟೇ.

ನಾನು ಆ ಮಲಯಾನಸ್. ವಿಮಾನ ಹತ್ತಿ ಬಂದವನು. ಬಂದು ಇಷ್ಟು ವರ್ಷ ಆದರೂ ಊಟಕ್ಕೆ ನಿಂಬೆ ಉಪ್ಪಿನಕಾಯಿಯೇ ಬೇಕು, ಬ್ರಿಸ್ಬೇನಿನ ಇಂಡಿಯನ್ ಅಂಗಡಿಗೆ ಹೋಗಿ ಜೋಳದ ಹಿಟ್ಟು ತರುತ್ತೇನೆ, ಸುತ್ತ ನೂರು ಮೈಲಿ ಜೋಳ ಬೆಳೆದಿರುವಾಗ! ನನಗೆ ಯಾವ ದೇಶದ ಕಾಗದ ಕೊಟ್ಟರೂ ಡಿಎನ್ಎ ಹಿಡಿದು ನೋಡಿದರೆ ಇಂಡಿ ತಾಲೂಕು ಅಂತಲೇ ಬರೋದು. ಮಗಳು? ಅವಳೂ ಸ್ಥೆನೆಲಸ್ ಅಲ್ಲ. ಟೋಸ್ಟಿನ ಮೇಲೆ ವೆಜಿಮೈಟ್ ಹಚ್ಚಿಕೊಂಡು ಪಕ್ಕದಲ್ಲಿ ಅಜ್ಜಿಯ ಶೇಂಗಾ ಚಟ್ನಿ ಇಟ್ಟುಕೊಳ್ಳುತ್ತಾಳೆ. ಅದಕ್ಕೆ ಯಾವ ಹೆಸರಿಡಬೇಕೋ ಮ್ಯಾಕ್ಲೇಗೂ ಗೊತ್ತಾಗಲಿಕ್ಕಿಲ್ಲ. ಅವಳ ಮರಿಮಕ್ಕಳ ಮರಿಮಕ್ಕಳು ಏನು ತಿನ್ನುತ್ತಾರೋ ಅದು ನನ್ನ ಕೈಯಲ್ಲಿಲ್ಲ, ಪೌರತ್ವದ ಕಾಗದದಲ್ಲೂ ಇಲ್ಲ.

ಆ ದಿನ ಸಂಜೆ ಅವ್ವನಿಗೆ ಫೋನ್ ಮಾಡಿದೆ. ಇದೆಲ್ಲ ಅರ್ಧ ಗಂಟೆ ಹೇಳಿದೆ. ಡೊಮಿನಿಕನ್ ರಿಪಬ್ಲಿಕ್ ಬಂದಾಗ ಅವಳು ಆಕಳಿಸಿದ್ದು ಕೇಳಿಸಿತು. ಬಾವಂಚಿ ವಿಷಯ ಬಂದಾಗ ಮಾತ್ರ ಎಚ್ಚರ ಆದಳು. "ಹೌದೇನು? ಹೊಲದ ಬದುವಿನ್ಯಾಗ ಇರ್ತೈತಲ್ಲ, ನಾಳೆ ನೋಡಿ ಬರ್ತೀನಿ ತಡಿ, ಅದರ ಮ್ಯಾಲ ಹುಳಾ ಅದಾವೇನು ಅಂತ" ಅಂದಳು. ಎಪ್ಪತ್ತೊಂದು ವರ್ಷ ಅವಳಿಗೆ. ಬಿಸಿಲು ಏರುವ ಮೊದಲು ಹೋಗು ಅಂದೆ.

"ಮತ್ತ ನಿನ್ನ ಅರ್ಜಿ?" ಅಂದಳು.

"ಕಳಿಸ್ತೀನಿ ಅವ್ವಾ" ಅಂದೆ. "ಇಲ್ಲೇ ಮನಿ ಐತಿ, ಮಗಳ ಸಾಲಿ ಐತಿ."

"ಕಳಸು" ಅಂದಳು. ಬೇಜಾರು ಇರಲಿಲ್ಲ ಅಂತ ನಾನು ಹೇಳಲ್ಲ, ಇತ್ತು. ನನಗೂ ಇತ್ತು. ಅದನ್ನು ಚಿಟ್ಟೆ ಕಥೆ ಹೇಳಿ ಅಳಿಸೋಕೆ ಆಗಲ್ಲ ಅಂತ ಇಬ್ಬರಿಗೂ ಗೊತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು: "ಲಿಂಬಿಗಿಡದಾಗ ಆ ಮುಳ್ಳಿನ ಹುಳಾ ಈ ವರ್ಷನೂ ಬಂದಾವೇನು?"

ಬಂದಾವೆ ಅಂದೆ.

"ಒಂದು ಟೊಂಗಿ ಅವಕ್ಕ ಬಿಡು ಮತ್ತ. ಅವೂ ಆ ಊರಿನವs ಅಲ್ಲೇನು."

ಅರ್ಜಿ ಕಳಿಸಿದ್ದೇನೆ. ಬೇಲಿ ಕಡೆಯ ಟೊಂಗೆ ಹುಳಗಳಿಗೆ ಬಿಟ್ಟಿದ್ದೇನೆ. ಅವ್ವ ಬದುವಿಗೆ ಹೋಗಿ ನೋಡಿ ಬಂದಳಂತೆ, ಬಾವಂಚಿ ಇತ್ತು, ಹುಳ ಇರಲಿಲ್ಲ. ಮಳೆಗಾಲದಲ್ಲಿ ಮತ್ತೆ ನೋಡುತ್ತಾಳಂತೆ.

ನಿಮ್ಮ ಮನೆಯಲ್ಲಿ ನಿಂಬೆ ಗಿಡ ಇದ್ದರೆ ಒಮ್ಮೆ ಎಲೆ ಮಗುಚಿ ನೋಡಿ. ಕಂಡರೆ ಕಿತ್ತೆಸೆಯಬೇಡಿ, ಒಂದು ಟೊಂಗೆಗೆ ವರ್ಗ ಮಾಡಿ. ಯಾವ ಊರು, ಯಾವ ಗಿಡ, ಯಾವ ತಿಂಗಳು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಊರಿನ ಹೆಸರು ಮಾತ್ರ ಮರೆಯಬೇಡಿ.